ಮಾಸ್ಫೆಟ್ ಯಾವ ಗಳಿಗೆಯಲ್ಲಿ ಹೋಯಿತು? 24 ವೋಲ್ಟ್ ಮೋಟಾರ್ ಡ್ರೈವರ್‌ನ ದೋಷ ಪತ್ತೆ

ಸುಟ್ಟ ಬೋರ್ಡ್ ಮೇಜಿಗೆ ಬಂದ ಕೂಡಲೇ ಸೋಲ್ಡರಿಂಗ್ ಐರನ್ ಬಿಸಿಗಿಡುವವರೇ ಹೆಚ್ಚು. ಒಡೆದ ಮಾಸ್ಫೆಟ್ (ಕರೆಂಟನ್ನು ಆನ್-ಆಫ್ ಮಾಡುವ ಎಲೆಕ್ಟ್ರಾನಿಕ್ ಸ್ವಿಚ್) ಕಿತ್ತು ಹೊಸದು ಹಾಕುತ್ತಾರೆ, ಎರಡು ದಿನ ಓಡುತ್ತದೆ, ಮತ್ತೆ ಠುಸ್ ಅನ್ನುತ್ತದೆ. ಮೂರನೇ ಸಲಕ್ಕೆ 'ಮಾಲೇ ಡೂಪ್ಲಿಕೇಟ್' ಎಂಬ ತೀರ್ಮಾನ. ಕೆಲವು ಸಲ ಅದು ನಿಜವೂ ಹೌದು, ಆ ವಿಷಯ ಕೊನೆಯಲ್ಲಿದೆ. ಹೆಚ್ಚಿನ ಸಲ ಮಾತ್ರ ಮಾಸ್ಫೆಟ್ ಬೇರೆ ಯಾವುದೋ ಭಾಗದ ತಪ್ಪಿಗೆ ತಲೆ ಕೊಟ್ಟಿರುತ್ತದೆ. ಆ ಭಾಗ ಯಾವುದು ಎಂದು ತಿಳಿಯಲು ಮೀಟರ್ ಹಿಡಿಯುವ ಮೊದಲು ಯಂತ್ರ ಓಡಿಸುತ್ತಿದ್ದವರನ್ನು ಕೇಳಿ: ಸ್ವಿಚ್ ಹಾಕಿದ ತಕ್ಷಣ ಹೋಯಿತೇ, ಲೋಡ್ ಸಿಕ್ಕಿಕೊಂಡಾಗಲೇ, ನಿಲ್ಲಿಸುವಾಗಲೇ, ಹಿಂದಕ್ಕೆ ತಿರುಗಿಸುವಾಗಲೇ, ಅರ್ಧ ಗಂಟೆ ಓಡಿದ ಮೇಲೋ?

ಇಲ್ಲಿ ಉದಾಹರಣೆಗೆ ಇಟ್ಟುಕೊಂಡದ್ದು 24 ವೋಲ್ಟ್, 500 ವಾಟ್‌ನ ಬ್ರಷ್ ಮೋಟಾರನ್ನು ಎರಡೂ ದಿಕ್ಕಿಗೆ ಓಡಿಸುವ ಎಚ್-ಬ್ರಿಜ್: ಮೋಟಾರಿನ ಪ್ರತಿ ತಂತಿಯ ಬದಿಗೂ ಬ್ಯಾಟರಿ ಪ್ಲಸ್ ಕಡೆ ಒಂದು (ಹೈ ಸೈಡ್), ಮೈನಸ್ ಕಡೆ ಒಂದು (ಲೋ ಸೈಡ್), ಒಟ್ಟು ನಾಲ್ಕು ಮಾಸ್ಫೆಟ್. ದಾವಣಗೆರೆ ಸುತ್ತ ಮೆಕ್ಕೆಜೋಳ ಎತ್ತುವ ಸ್ಕ್ರೂ ಕನ್ವೇಯರ್, ಮಂಡಕ್ಕಿ ಭಟ್ಟಿಯ ಸಣ್ಣ ಬೆಲ್ಟು, ಚನ್ನಗಿರಿ ಕಡೆಯ ಅಡಿಕೆ ತೋಟದಲ್ಲಿ ಗೊನೆ ಸಾಗಿಸುವ ಬ್ಯಾಟರಿ ಗಾಡಿ, ಚಳ್ಳಕೆರೆಯಲ್ಲಿ ಶೇಂಗಾ ಚೀಲ ಎಳೆಯುವ ಟ್ರಾಲಿ, ಇಂಥ ಎಲ್ಲ ಕೆಲಸಕ್ಕೂ ಈ ಗಾತ್ರದ ಮೋಟಾರ್ ಸಾಕು. 36 ಅಥವಾ 48 ವೋಲ್ಟ್‌ನದಾದರೆ ಬ್ಯಾಟರಿ ವೋಲ್ಟೇಜಿನ ಅಂಕಿಗಳನ್ನು ಅದೇ ಪ್ರಮಾಣದಲ್ಲಿ ಏರಿಸಿಕೊಳ್ಳಿ, ಗೇಟ್ ಮತ್ತು ಐಸಿಗಳ ಮಿತಿ ಮಾತ್ರ ಏರುವುದಿಲ್ಲ, ತರ್ಕ ಬದಲಾಗುವುದಿಲ್ಲ.

ಮೊದಲು ಮೋಟಾರಿನ ಓಮ್ ತಿಳಿಯಿರಿ

ನೇಮ್‌ಪ್ಲೇಟ್ ಮೇಲೆ 27 ಆಂಪ್ ಎಂದು ಬರೆದಿರುತ್ತದೆ. ಡ್ರೈವರ್ ಕಟ್ಟುವವರಿಗೆ ಆ ಅಂಕಿಯಿಂದ ದೊಡ್ಡ ಉಪಯೋಗವಿಲ್ಲ. ನಿಂತಿರುವ ಮೋಟಾರ್ ಎಂದರೆ ಬರೀ ತಂತಿ. ಅದು ಎಳೆಯುವ ಕರೆಂಟನ್ನು ವೈಂಡಿಂಗ್ ಮತ್ತು ಬ್ರಷ್‌ಗಳ ರೆಸಿಸ್ಟೆನ್ಸ್ ಮಾತ್ರ ತಡೆಯುತ್ತದೆ. ಸಾಮಾನ್ಯ ಮಲ್ಟಿಮೀಟರ್‌ನ ಓಮ್ ಸ್ಥಾನದಲ್ಲಿ ಇದನ್ನು ಅಳೆದರೆ ಪ್ರೋಬ್ ತಂತಿಯ ರೆಸಿಸ್ಟೆನ್ಸನ್ನೇ ಓದಿದಂತಾಗುತ್ತದೆ.

ಹೀಗೆ ಮಾಡಿ. 12 ವೋಲ್ಟ್ ಬ್ಯಾಟರಿ, ಅದಕ್ಕೆ ಸರಣಿಯಲ್ಲಿ ಕಾರಿನ 55 ವಾಟ್ ಹ್ಯಾಲೊಜೆನ್ ಬಲ್ಬ್, ಆಮೇಲೆ ಮೋಟಾರ್. ಶಾಫ್ಟನ್ನು ವೈಸ್‌ಗೆ ಬಿಗಿಯಿರಿ. ಬಲ್ಬ್ ದೆಸೆಯಿಂದ ಕರೆಂಟ್ ನಾಲ್ಕೂವರೆ ಆಂಪ್ ಆಸುಪಾಸು ನಿಲ್ಲುತ್ತದೆ. ಆಗ ಮೋಟಾರ್ ಟರ್ಮಿನಲ್‌ಗಳ ಮೇಲೆಯೇ ವೋಲ್ಟೇಜ್ ಓದಿ, ಕರೆಂಟಿನಿಂದ ಭಾಗಿಸಿ. 0.9 ವೋಲ್ಟ್ ಬಂದರೆ 0.2 ಓಮ್. ಶಾಫ್ಟನ್ನು ಸ್ವಲ್ಪ ಸ್ವಲ್ಪ ತಿರುಗಿಸಿ ನಾಲ್ಕು ಜಾಗದಲ್ಲಿ ಅಳೆದು ಅತಿ ಕಡಿಮೆ ಬಂದದ್ದನ್ನು ಬರೆದುಕೊಳ್ಳಿ. ಒಂದು ಜಾಗದಲ್ಲಿ ಮಾತ್ರ ತೀರಾ ಬೇರೆ ಅಂಕಿ ಬಂದರೆ ಕಮ್ಯುಟೇಟರ್ ಅಥವಾ ಆರ್ಮೇಚರ್ ಕಾಯಿಲ್ ಕೆಟ್ಟಿದೆ, ಡ್ರೈವರ್ ಮೇಲೆ ತಪ್ಪು ಹೊರಿಸಬೇಡಿ.

ಈಗ ಮೂರು ಲೆಕ್ಕ ಸಿಗುತ್ತದೆ. ಮೋಟಾರ್ ಜಾಮ್ ಆದಾಗ ಅಥವಾ ನೇರ ಸ್ಟಾರ್ಟ್ ಮಾಡಿದಾಗ: 24 ಭಾಗಿಸು 0.2, ಅಂದರೆ 120 ಆಂಪ್. ಪೂರ್ತಿ ವೇಗದಲ್ಲಿ ಬ್ಯಾಕ್ ಇಎಂಎಫ್ (ತಿರುಗುವ ಮೋಟಾರ್ ತಾನೇ ಹುಟ್ಟಿಸುವ ಎದುರು ವೋಲ್ಟೇಜ್) ಸುಮಾರು 22 ವೋಲ್ಟ್ ಇರುತ್ತದೆ, ಆಗ ಟರ್ಮಿನಲ್ ಶಾರ್ಟ್ ಮಾಡಿ ಬ್ರೇಕ್ ಹಾಕಿದರೆ 110 ಆಂಪ್. ಪೂರ್ತಿ ವೇಗದಲ್ಲಿರುವಾಗಲೇ ದಿಕ್ಕು ಬದಲಿಸಿದರೆ ಬ್ಯಾಟರಿಯ 24 ಮತ್ತು ಬ್ಯಾಕ್ ಇಎಂಎಫ್‌ನ 22 ಕೂಡಿಕೊಂಡು 46 ವೋಲ್ಟ್ ಆಗಿ 230 ಆಂಪ್. 27 ಆಂಪ್ ಮೋಟಾರಿಗೆ '50 ಆಂಪ್ ಡ್ರೈವರ್, ಡಬಲ್ ಇದೆ' ಎಂದು ನೆಮ್ಮದಿಯಾಗಿರುವವರು ಈ ಮೂರನೇ ಅಂಕಿಯನ್ನು ಒಮ್ಮೆ ನೋಡಬೇಕು.

ಮೀಟರ್ ಇಟ್ಟು ಓದುವುದು

ಬ್ಯಾಟರಿ ಬಿಚ್ಚಿ. ಕೆಪ್ಯಾಸಿಟರ್‌ಗಳನ್ನು 100 ಓಮ್, 5 ವಾಟ್ ರೆಸಿಸ್ಟರ್‌ನಿಂದ ಖಾಲಿ ಮಾಡಿ. ಸ್ಕ್ರೂಡ್ರೈವರ್ ಅಡ್ಡ ಇಟ್ಟು ಕಿಡಿ ಹಾರಿಸುವ ರೂಢಿ ಬಿಡಿ. ಮೋಟಾರ್ ತಂತಿಗಳನ್ನೂ ಬಿಚ್ಚಿ, ಇಲ್ಲವಾದರೆ ಮೋಟಾರಿನ ಮೂಲಕ ಎರಡೂ ಬದಿ ಒಂದೇ ಎಂದು ಕಾಣುತ್ತದೆ.

ಮೀಟರನ್ನು ಡಯೋಡ್ ಸ್ಥಾನಕ್ಕೆ ತಿರುಗಿಸಿ. ಕೆಂಪು ಪ್ರೋಬ್ ಮೈನಸ್ ಬಸ್‌ಗೆ (ಬ್ಯಾಟರಿ ಮೈನಸ್ ಬಂದು ಸೇರುವ ಪಟ್ಟಿ), ಕಪ್ಪು ಮೋಟಾರ್ ಟರ್ಮಿನಲ್‌ಗೆ ಇಟ್ಟರೆ ಲೋ ಸೈಡ್ ಮಾಸ್ಫೆಟ್‌ನ ಒಳಡಯೋಡ್ 0.4ರಿಂದ 0.6 ತೋರಿಸಬೇಕು. ಕೆಂಪು ಮೋಟಾರ್ ಟರ್ಮಿನಲ್‌ಗೆ, ಕಪ್ಪು ಪ್ಲಸ್ ಬಸ್‌ಗೆ ಇಟ್ಟರೆ ಹೈ ಸೈಡ್‌ನದೂ ಅಷ್ಟೇ. ಪ್ರೋಬ್ ಅದಲು ಬದಲು ಮಾಡಿದಾಗ ಅಂಕಿ ಏರುತ್ತ ಹೋಗಿ ಓಪನ್ ಆಗಬೇಕು. ಎರಡೂ ಕಡೆ 0.00 ಬಂದರೆ ಅದು ಶಾರ್ಟ್. ಮಾಸ್ಫೆಟ್‌ನ ಗೇಟ್ ಆಜ್ಞೆ ಪಡೆಯುವ ಕಾಲು, ಕರೆಂಟ್ ಹರಿಯುವುದು ಡ್ರೈನ್ ಮತ್ತು ಸೋರ್ಸ್ ನಡುವೆ. ಗೇಟ್‌ನಿಂದ ಸೋರ್ಸ್‌ಗೆ ಓಮ್‌ನಲ್ಲಿ ಓದಿ: ಪುಲ್‌ಡೌನ್ ಆಗಿ (ಆಜ್ಞೆ ಇಲ್ಲದಾಗ ಲೋ ಹಿಡಿದಿಡಲು) ಹಾಕಿದ 10 ಕಿಲೋಓಮ್ ಬಂದರೆ ಸರಿ, ಕೆಲವೇ ಓಮ್ ಬಂದರೆ ಗೇಟ್ ತೂತಾಗಿದೆ.

ಯಾವುದು ಸತ್ತಿದೆ ಎಂಬುದರಲ್ಲೇ ಅರ್ಧ ಉತ್ತರ ಇರುತ್ತದೆ. ಒಂದೇ ಬದಿಯ ಮೇಲಿನದೂ ಕೆಳಗಿನದೂ ಒಟ್ಟಿಗೆ ಶಾರ್ಟ್ ಆಗಿದ್ದರೆ ಎರಡೂ ಒಮ್ಮೆಲೇ ಆನ್ ಆಗಿವೆ, ಶೂಟ್-ಥ್ರೂ. ಹೈ ಸೈಡ್ ಮಾತ್ರ ಹೋಗಿದ್ದರೆ ಬೂಟ್‌ಸ್ಟ್ರ್ಯಾಪ್ (ಹೈ ಸೈಡ್ ಗೇಟ್‌ಗೆ ವೋಲ್ಟೇಜ್ ಎತ್ತಿಕೊಡುವ ಡಯೋಡ್-ಕೆಪ್ಯಾಸಿಟರ್ ಜೋಡಿ) ನೋಡಿ. ಎರಡೂ ಲೋ ಸೈಡ್ ಹೋಗಿ ಮೇಲಿನವು ಚೆನ್ನಾಗಿದ್ದರೆ ಬ್ರೇಕ್ ಹಾಕುವಾಗ ಹೋದದ್ದು. ನಾಲ್ಕೂ ಗೇಟ್ ಒಟ್ಟಿಗೆ ತೂತಾಗಿದ್ದರೆ ಮಾಸ್ಫೆಟ್‌ಗಳನ್ನು ಬಿಟ್ಟು ಗೇಟ್ ಡ್ರೈವರ್‌ಗೆ (ಗೇಟ್‌ಗಳನ್ನು ನಡೆಸುವ ಐಸಿ) 12 ವೋಲ್ಟ್ ಕೊಡುವ ಭಾಗಕ್ಕೆ ಹೋಗಿ. ಅಲ್ಲಿ 24 ವೋಲ್ಟ್ ಬಸ್‌ಗೆ ನೇರ ಕೂರಿಸಿದ 7812 (12 ವೋಲ್ಟ್ ರೆಗ್ಯುಲೇಟರ್) ಇರುವ ಸಾಧ್ಯತೆ ಹೆಚ್ಚು. ಅದರ ಇನ್‌ಪುಟ್ ಮಿತಿ 35 ವೋಲ್ಟ್. ಬಸ್ ಮೇಲಿನ ಸ್ಪೈಕ್ ಅದನ್ನು ದಾಟಿದಾಗ 7812 ಒಳಗೆ ಶಾರ್ಟ್ ಆಗಿ 24 ವೋಲ್ಟನ್ನು ಹಾಗೇ ಗೇಟ್‌ಗಳಿಗೆ ಬಿಡುತ್ತದೆ. ಗೇಟ್ ತಡೆಯುವುದು 20 ವೋಲ್ಟ್ ಮಾತ್ರ. 7812ರ ಮುಂದೆ 10 ಓಮ್ ರೆಸಿಸ್ಟರ್, 100 ಮೈಕ್ರೋಫ್ಯಾರಡ್, 33 ವೋಲ್ಟ್‌ನ ಝೀನರ್ ಅಥವಾ ಟಿವಿಎಸ್ (ಸ್ಪೈಕ್ ನುಂಗುವ ಡಯೋಡ್), ಹಿಂದೆ ಪ್ರತಿ ಗೇಟ್‌ಗೂ 15 ವೋಲ್ಟ್ ಝೀನರ್ ಹಾಕಿದರೆ ಈ ಸಾವು ನಿಲ್ಲುತ್ತದೆ.

ಒಂದು ನಿಯಮಕ್ಕೆ ಮಾತ್ರ ರಿಯಾಯಿತಿ ಬೇಡ. ಮಾಸ್ಫೆಟ್ ಶಾರ್ಟ್ ಆಗುವಾಗ ಡ್ರೈನ್‌ನ ವೋಲ್ಟೇಜ್ ಗೇಟ್ ಮೂಲಕ ಹಿಂದಕ್ಕೆ ನುಗ್ಗುತ್ತದೆ. ಹಾಗಾಗಿ ಸತ್ತ ಮಾಸ್ಫೆಟ್‌ನ ಜೊತೆಗೆ ಅದೇ ಬದಿಯ ಜೋಡಿ, ಆ ಬದಿಯ ಗೇಟ್ ಡ್ರೈವರ್ ಐಸಿ, ಗೇಟ್ ರೆಸಿಸ್ಟರ್, ಝೀನರ್ ಎಲ್ಲವನ್ನೂ ಬದಲಿಸಿ. ಮೀಟರ್‌ಗೆ ಚೆನ್ನಾಗಿ ಕಂಡ ಹಳೆಯ ಐಆರ್2110 ಅರ್ಧ ಬಲದಲ್ಲಿ ದುಡಿಯುತ್ತ ಹೊಸ ಮಾಸ್ಫೆಟ್ ಸುಡುತ್ತದೆ.

ಸ್ವಿಚ್ ಹಾಕಿದ ತಕ್ಷಣ ಹೋದರೆ

ಮೈಕ್ರೋಕಂಟ್ರೋಲರ್ ಎದ್ದು ತನ್ನ ಪಿನ್‌ಗಳನ್ನು ಹಿಡಿತಕ್ಕೆ ತೆಗೆದುಕೊಳ್ಳುವವರೆಗೆ ಆ ಪಿನ್‌ಗಳು ಅತ್ತ ಹೈ ಅಲ್ಲ, ಇತ್ತ ಲೋ ಅಲ್ಲ. ಆರ್ಡುಯಿನೋದಲ್ಲಿ ಬೂಟ್‌ಲೋಡರ್‌ನಿಂದಾಗಿ ಇದು ಒಂದೆರಡು ಸೆಕೆಂಡ್ ಹಿಡಿಯಬಹುದು. ಆ ಹೊತ್ತಿಗೆ ಗೇಟ್ ಡ್ರೈವರ್‌ಗೆ 12 ವೋಲ್ಟ್ ಬಂದಾಗಿರುತ್ತದೆ. ಐಆರ್2110ಕ್ಕೆ ಮೇಲಿನ ಮತ್ತು ಕೆಳಗಿನ ಇನ್‌ಪುಟ್ ಬೇರೆ ಬೇರೆ, ಎರಡೂ ಒಟ್ಟಿಗೆ ಹೈ ಆದರೆ ತಡೆಯುವ ವ್ಯವಸ್ಥೆ ಅದರೊಳಗಿಲ್ಲ. ಪ್ರತಿ ಇನ್‌ಪುಟ್‌ಗೂ 10 ಕಿಲೋಓಮ್ ಪುಲ್‌ಡೌನ್ ಬೇಕೇ ಬೇಕು.

ಐಆರ್2104ರ ಕಥೆ ಬೇರೆ, ಅದರಲ್ಲಿ ಮೋಸ ಹೋಗುವವರು ಹೆಚ್ಚು. ಅದಕ್ಕೆ ಒಂದೇ ಇನ್‌ಪುಟ್: ಹೈ ಕೊಟ್ಟರೆ ಮೇಲಿನದು ಆನ್, ಲೋ ಕೊಟ್ಟರೆ ಕೆಳಗಿನದು ಆನ್. ಇನ್‌ಪುಟ್ ಪುಲ್‌ಡೌನ್ ಮಾಡಿ 'ಎಲ್ಲ ಆಫ್' ಎಂದುಕೊಂಡರೆ ನಿಜದಲ್ಲಿ ಎರಡೂ ಲೋ ಸೈಡ್ ಆನ್ ಆಗಿ ಮೋಟಾರ್ ಶಾರ್ಟ್ ಆಗಿರುತ್ತದೆ. ನಿಂತ ಯಂತ್ರಕ್ಕೆ ಅದರಿಂದ ತೊಂದರೆ ಇಲ್ಲ. ಇಳಿಜಾರಿನಲ್ಲಿ ಉರುಳುತ್ತಿರುವ ಗಾಡಿಯಲ್ಲಿ ಕಂಟ್ರೋಲರ್ ರೀಸೆಟ್ ಆದರೆ ಅದೇ 110 ಆಂಪ್. ಈ ಐಸಿಯಲ್ಲಿ ಪುಲ್‌ಡೌನ್ ಮಾಡಬೇಕಾದದ್ದು ಎಸ್‌ಡಿ (ಶಟ್‌ಡೌನ್) ಪಿನ್. ಅದು ಲೋ ಇದ್ದಾಗ ಎರಡೂ ಔಟ್‌ಪುಟ್ ಆಫ್. ಐಆರ್2110ರಲ್ಲಿ ಎಸ್‌ಡಿ ಇದಕ್ಕೆ ಉಲ್ಟಾ, ಹೈ ಕೊಟ್ಟರೆ ಆಫ್. ಒಂದರ ಸರ್ಕ್ಯೂಟ್ ನೋಡಿ ಇನ್ನೊಂದನ್ನು ಕೂರಿಸಿದವರ ಬೋರ್ಡ್‌ನಲ್ಲಿ ರಕ್ಷಣೆಯ ಸಿಗ್ನಲ್ ಬಂದಾಗಲೇ ಬ್ರಿಜ್ ಚಾಲೂ ಆಗುತ್ತದೆ.

ಸ್ವಿಚ್ ಹಾಕುವಾಗ ಕಿಡಿ ಹಾರಿ ಸ್ವಿಚ್ಚೇ ಅಂಟಿಕೊಂಡಿದ್ದರೆ ಅಥವಾ ಲಿಥಿಯಂ ಬ್ಯಾಟರಿಯ ಬಿಎಂಎಸ್ (ಬ್ಯಾಟರಿಯೊಳಗಿನ ಕಾವಲು ಬೋರ್ಡ್) ಟ್ರಿಪ್ ಆಗಿದ್ದರೆ ಕಾರಣ ಖಾಲಿ ಕೆಪ್ಯಾಸಿಟರ್. ಬಿಎಂಎಸ್ ಕಣ್ಣಿಗೆ ಅದು ಶಾರ್ಟ್‌ನಂತೆಯೇ ಕಾಣುತ್ತದೆ. ಮುಖ್ಯ ಸ್ವಿಚ್‌ಗೆ ಪ್ಯಾರಲಲ್ ಆಗಿ 100 ಓಮ್, 5 ವಾಟ್ ರೆಸಿಸ್ಟರನ್ನು ಸಣ್ಣ ಪುಶ್ ಬಟನ್ ಮೂಲಕ ಹಾಕಿ. 4400 ಮೈಕ್ರೋಫ್ಯಾರಡ್ ಇದ್ದರೆ ಎರಡೂವರೆ ಸೆಕೆಂಡ್ ಒತ್ತಿ ಹಿಡಿದು ಆಮೇಲೆ ಮುಖ್ಯ ಸ್ವಿಚ್ ಹಾಕುವುದು.

ಲೋಡ್ ಸಿಕ್ಕಿಕೊಂಡಾಗ ಹೋದರೆ

ಕಾರ್ತಿಕದ ಹೊತ್ತಿಗೆ ಮೆಕ್ಕೆಜೋಳದ ರಾಶಿ ಶುರುವಾದಾಗ ಸ್ಕ್ರೂ ಕನ್ವೇಯರ್‌ಗೆ ಕಾಳಿನ ಜೊತೆ ದಿಂಡಿನ ಚೂರು, ಕಲ್ಲು, ಗೋಣಿ ದಾರ ಎಲ್ಲ ಹೋಗುತ್ತದೆ. ಸ್ಕ್ರೂ ಹಿಡಿದುಕೊಂಡ ಕ್ಷಣ ಮೋಟಾರ್ 120 ಆಂಪ್ ಎಳೆಯುತ್ತದೆ.

'ಫ್ಯೂಸ್ ಇದೆಯಲ್ಲ' ಎಂದರೆ, 40 ಆಂಪ್ ಫ್ಯೂಸ್ 120 ಆಂಪ್‌ಗೆ ಕರಗಲು ಸೆಕೆಂಡಿನ ಲೆಕ್ಕದಲ್ಲಿ ಸಮಯ ಬೇಕು. ನೇರ ಶಾರ್ಟ್ ಆದಾಗ ಮಾಸ್ಫೆಟ್‌ಗೆ ಇರುವುದು ಮೈಕ್ರೋಸೆಕೆಂಡುಗಳ ಲೆಕ್ಕದ ಆಯುಷ್ಯ. ಫ್ಯೂಸ್ ಇರುವುದು ತಂತಿ ಹೊತ್ತಿಕೊಳ್ಳದಿರಲಿ ಎಂದು, ಮಾಸ್ಫೆಟ್ ಉಳಿಯಲಿ ಎಂದಲ್ಲ. ಆದರೂ ಬೇಕು, ಅದೂ ಬ್ಯಾಟರಿ ಪ್ಲಸ್‌ನ ಪಕ್ಕದಲ್ಲೇ, ಡಿಸಿ ರೇಟಿಂಗ್ ಇರುವುದು. ಮನೆಯ ಎಸಿ ಎಂಸಿಬಿಯನ್ನು ಬ್ಯಾಟರಿ ಲೈನ್‌ಗೆ ಹಾಕುವ ಪದ್ಧತಿ ನಮ್ಮ ಕಡೆ ಬಹಳ. ಡಿಸಿಯಲ್ಲಿ ಕರೆಂಟ್ ಸೊನ್ನೆ ದಾಟುವುದೇ ಇಲ್ಲವಾದ್ದರಿಂದ ಅದರೊಳಗಿನ ಕಿಡಿ ಆರುವ ಭರವಸೆ ಇಲ್ಲ.

ಸಾಫ್ಟ್‌ವೇರ್‌ನಲ್ಲಿ ಕರೆಂಟ್ ಓದಿ ನಿಲ್ಲಿಸುವುದೂ ಒಂದೇ ಸಾಲದು. ಆರ್ಡುಯಿನೋದಲ್ಲಿ ಒಂದು ಅನಲಾಗ್ ರೀಡ್‌ಗೆ ಸುಮಾರು 110 ಮೈಕ್ರೋಸೆಕೆಂಡ್ ಬೇಕು, ಅದೂ ಪ್ರೋಗ್ರಾಂ ಆ ಸಾಲಿಗೆ ಬಂದಾಗ. ಜಾಮ್ ಆದ ಮೋಟಾರಿನ ಕರೆಂಟ್ ಇಂಡಕ್ಟೆನ್ಸ್‌ನಿಂದಾಗಿ ಮಿಲಿಸೆಕೆಂಡ್ ಲೆಕ್ಕದಲ್ಲಿ ಏರುತ್ತದೆ, ಅದಕ್ಕೆ ಸಾಫ್ಟ್‌ವೇರ್ ನಡೆಯುತ್ತದೆ. ಮೋಟಾರ್ ತಂತಿ ಉಜ್ಜಿ ಶಾರ್ಟ್ ಆದರೆ ನಡೆಯುವುದಿಲ್ಲ. ಎರಡು ಹಂತ ಇಡಿ. ಸಾಫ್ಟ್‌ವೇರ್ 40 ಆಂಪ್‌ಗೆ ಪಿಡಬ್ಲ್ಯುಎಂ (ಮಾಸ್ಫೆಟ್ಟನ್ನು ಬೇಗ ಬೇಗ ಆನ್-ಆಫ್ ಮಾಡಿ ವೇಗ ನಿಯಂತ್ರಿಸುವ ಸಿಗ್ನಲ್) ತಗ್ಗಿಸುತ್ತ ಬರಲಿ, ಎರಡು ಸೆಕೆಂಡ್ ಅಲ್ಲೇ ನಿಂತರೆ ಜಾಮ್ ಎಂದು ನಿಲ್ಲಿಸಲಿ. 80 ಆಂಪ್‌ಗೆ ಹಾರ್ಡ್‌ವೇರ್ ಕಂಪ್ಯಾರೇಟರ್ (ಎರಡು ವೋಲ್ಟೇಜ್ ಹೋಲಿಸುವ ಐಸಿ) ನೇರ ಎಸ್‌ಡಿ ಪಿನ್ ಹಿಡಿಯಲಿ. 1 ಮಿಲಿಓಮ್ ಶಂಟ್‌ನಲ್ಲಿ (ಕರೆಂಟ್ ಅಳೆಯಲು ಸರಣಿಯಲ್ಲಿ ಹಾಕುವ ರೆಸಿಸ್ಟರ್) 80 ಆಂಪ್ ಎಂದರೆ 80 ಮಿಲಿವೋಲ್ಟ್. ಎಲ್‌ಎಂ393 ಅದನ್ನು ಒಂದೆರಡು ಮೈಕ್ರೋಸೆಕೆಂಡಿನಲ್ಲಿ ಹಿಡಿಯುತ್ತದೆ. ಅದರ ಮುಂದೆ 100 ಓಮ್ ಮತ್ತು 10 ನ್ಯಾನೋಫ್ಯಾರಡ್‌ನ ಫಿಲ್ಟರ್ ಸಾಕು. ಅಲ್ಲಿ 1 ಮೈಕ್ರೋಫ್ಯಾರಡ್ ಹಾಕಿ 'ಸುಮ್ಮನೆ ಟ್ರಿಪ್ ಆಗುವುದು ನಿಂತಿತು' ಎಂದು ಖುಷಿಪಟ್ಟರೆ ರಕ್ಷಣೆಯನ್ನೇ ತೆಗೆದಂತೆ. ಟ್ರಿಪ್ ಆದದ್ದು ಲ್ಯಾಚ್ ಆಗಿರಬೇಕು, ಯಾರಾದರೂ ಬಟನ್ ಒತ್ತಿದ ಮೇಲೆಯೇ ಮತ್ತೆ ಓಡಬೇಕು. ತಾನೇ ತಾನಾಗಿ ಮರುಪ್ರಯತ್ನ ಮಾಡುವ ಬೋರ್ಡ್ ಸ್ಕ್ರೂನೊಳಗೆ ಕೈ ಹಾಕಿದವರ ಬೆರಳು ತೆಗೆಯುತ್ತದೆ.

ನಿಲ್ಲಿಸುವಾಗ, ಹಿಂದಕ್ಕೆ ತಿರುಗಿಸುವಾಗ ಹೋದರೆ

ಲೆಕ್ಕ ಸರಿಯಾಗಿ ಹಾಕಿದ ಬೋರ್ಡ್‌ಗಳೂ ಸೋಲುವ ಜಾಗ ಇದು. ಎರಡೂ ಲೋ ಸೈಡ್ ಆನ್ ಮಾಡಿ ಬ್ರೇಕ್ ಹಾಕಿದಾಗ ಕರೆಂಟ್ ಮೋಟಾರ್, ಒಂದು ಮಾಸ್ಫೆಟ್, ಇನ್ನೊಂದು ಮಾಸ್ಫೆಟ್, ಮತ್ತೆ ಮೋಟಾರ್ ಎಂದು ಒಳಗೊಳಗೇ ಸುತ್ತುತ್ತದೆ. ಬ್ರಿಜ್‌ನ ಕೆಳಗೆ ಮೈನಸ್ ಬಸ್‌ನಲ್ಲಿ ಕೂರಿಸಿದ ಶಂಟ್ ಮೂಲಕ ಅದು ಹಾಯುವುದೇ ಇಲ್ಲ. 110 ಆಂಪ್ ಸುತ್ತುತ್ತಿದ್ದರೂ ಶಂಟ್ ಸೊನ್ನೆ ಎನ್ನುತ್ತದೆ. ಅದಕ್ಕೇ ಕರೆಂಟ್ ಸೆನ್ಸರನ್ನು ಮೋಟಾರ್ ತಂತಿಯಲ್ಲೇ ಇಡಬೇಕು. ಎಸಿಎಸ್758ರಂಥ ಹಾಲ್ ಸೆನ್ಸರ್ ಆದರೆ ಸರಿ, 30 ಆಂಪ್ ಮಿತಿಯ ಎಸಿಎಸ್712 ಈ ಕೆಲಸಕ್ಕೆ ಸಣ್ಣದು. ಬಸ್ ಶಂಟ್ ಶಾರ್ಟ್ ಹಿಡಿಯಲು, ಹಾಲ್ ಸೆನ್ಸರ್ ಬ್ರೇಕ್ ಹಿಡಿಯಲು. ಎರಡೂ ಇದ್ದರೆ ನಿದ್ದೆ ಚೆನ್ನಾಗಿ ಬರುತ್ತದೆ.

ದಿಕ್ಕು ಬದಲಾವಣೆಗೆ ಪ್ರೋಗ್ರಾಂನಲ್ಲಿ ಕಡ್ಡಾಯ ಕ್ರಮ ಇಡಿ: ಪಿಡಬ್ಲ್ಯುಎಂ ಸೊನ್ನೆಗೆ ಇಳಿಸಲು ಅರ್ಧದಿಂದ ಒಂದು ಸೆಕೆಂಡ್, ಮೋಟಾರ್ ನಿಲ್ಲಲು ಇನ್ನರ್ಧ ಸೆಕೆಂಡ್, ಆಮೇಲೆ ದಿಕ್ಕು, ಮತ್ತೆ ನಿಧಾನ ಏರಿಕೆ. ಟಾಗಲ್ ಸ್ವಿಚ್ ಅನ್ನು ಎಷ್ಟು ಬೇಗ ಅತ್ತಿತ್ತ ಮಾಡಿದರೂ ಈ ಕ್ರಮ ಮುರಿಯಬಾರದು.

ಇನ್ನು ವೋಲ್ಟೇಜ್ ಕಡೆ. ನಿಧಾನ ಮಾಡುವಾಗ ಮೋಟಾರ್ ಜನರೇಟರ್ ಆಗಿ ಶಕ್ತಿಯನ್ನು ಬ್ಯಾಟರಿಗೆ ಹಿಂದಿರುಗಿಸುತ್ತದೆ. ಬ್ಯಾಟರಿ ಸಂಪರ್ಕದಲ್ಲಿರುವ ತನಕ ತೊಂದರೆ ಇಲ್ಲ. ಅದೇ ಹೊತ್ತಿಗೆ ಫ್ಯೂಸ್ ಹೋದರೆ, ಲಗ್ ಸಡಿಲಾದರೆ, ಯಾರಾದರೂ ಮುಖ್ಯ ಸ್ವಿಚ್ ತೆಗೆದರೆ ಆ ಶಕ್ತಿಗೆ ಕೆಪ್ಯಾಸಿಟರ್ ಬಿಟ್ಟು ಬೇರೆ ದಾರಿ ಇಲ್ಲ. ಅಡಿಕೆ ಗೊನೆ ತುಂಬಿದ 300 ಕೆಜಿ ಗಾಡಿ ಸೆಕೆಂಡಿಗೆ 2 ಮೀಟರ್ ವೇಗದಲ್ಲಿದ್ದರೆ ಅದರಲ್ಲಿ 600 ಜೌಲ್ ಇದೆ. 4400 ಮೈಕ್ರೋಫ್ಯಾರಡ್‌ನ ಕೆಪ್ಯಾಸಿಟರ್ 24ರಿಂದ 55 ವೋಲ್ಟ್‌ಗೆ ಏರುವಷ್ಟರಲ್ಲಿ ನುಂಗುವುದು 5.4 ಜೌಲ್. ಘರ್ಷಣೆ, ವೈಂಡಿಂಗ್ ಎಂದು ಅರ್ಧಕ್ಕಿಂತ ಹೆಚ್ಚು ಹೋಯಿತೆಂದರೂ ಉಳಿದದ್ದು 55 ವೋಲ್ಟ್‌ನ ಐಆರ್‌ಎಫ್3205 ಮಾಸ್ಫೆಟ್‌ನ ಮಿತಿ ದಾಟಿ ಹೋಗುತ್ತದೆ.

ಲೆಡ್ ಆಸಿಡ್ ತೆಗೆದು ಲಿಥಿಯಂ ಹಾಕಿದ ಮೇಲೆ ಡ್ರೈವರ್ ಸುಡಲು ಶುರುವಾದರೆ ಕಾರಣ ಇಲ್ಲೇ ಇರುತ್ತದೆ. 8 ಸೆಲ್‌ನ ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬ್ಯಾಟರಿ ಪೂರ್ತಿ ತುಂಬಿದಾಗ 29.2 ವೋಲ್ಟ್. ಬೆಳಿಗ್ಗೆ ಚಾರ್ಜರ್‌ನಿಂದ ತೆಗೆದು ನೇರ ಇಳಿಜಾರಿಗೆ ಹೋದರೆ ಬಿಎಂಎಸ್ ಓವರ್‌ಚಾರ್ಜ್ ಎಂದು ಚಾರ್ಜಿನ ದಾರಿ ಮುಚ್ಚುತ್ತದೆ. ಅಂದರೆ ಬ್ರೇಕ್ ಹಾಕುವ ಹೊತ್ತಿಗೇ ಬ್ಯಾಟರಿ ಇಲ್ಲವಾಗುತ್ತದೆ. ಮಧ್ಯಾಹ್ನದ ಮೇಲೆ ಅದೇ ಗಾಡಿಯಲ್ಲಿ ಯಾವ ತಕರಾರೂ ಇರುವುದಿಲ್ಲ, ಮೇಜಿನ ಮೇಲೆ ದೋಷ ಕಾಣುವುದೇ ಇಲ್ಲ. ಎಸ್‌ಎಂಪಿಎಸ್‌ನಿಂದ (ಮೇನ್ಸ್ ಕರೆಂಟಿನಿಂದ ಡಿಸಿ ಕೊಡುವ ಪವರ್ ಸಪ್ಲೈ) ಓಡುವ ಯಂತ್ರದ್ದೂ ಇದೇ ಪಾಡು, ಎಸ್‌ಎಂಪಿಎಸ್ ಕೊಡುತ್ತದೆ ಹೊರತು ತೆಗೆದುಕೊಳ್ಳುವುದಿಲ್ಲ.

ಪರಿಹಾರ ಬ್ರೇಕ್ ರೆಸಿಸ್ಟರ್. 2 ಓಮ್, 100 ವಾಟ್‌ನ ಅಲ್ಯೂಮಿನಿಯಂ ಕವಚದ ರೆಸಿಸ್ಟರನ್ನು ಬೇರೊಂದು ಮಾಸ್ಫೆಟ್ ಮೂಲಕ ಬಸ್‌ಗೆ ಅಡ್ಡ ಹಾಕಿ. ಕಂಪ್ಯಾರೇಟರ್ 31.5 ವೋಲ್ಟ್‌ಗೆ ಆನ್, 30.5ಕ್ಕೆ ಆಫ್ ಮಾಡಲಿ. ಆ ವೋಲ್ಟೇಜಿಗೆ ಅದು ಹೆಚ್ಚುಕಡಿಮೆ 500 ವಾಟ್ ತಿನ್ನುತ್ತದೆ, ಒಂದೆರಡು ಸೆಕೆಂಡಿಗೆ ಅಡ್ಡಿಯಿಲ್ಲ. ಉದ್ದ ಇಳಿಜಾರಾದರೆ ದೊಡ್ಡ ರೆಸಿಸ್ಟರ್ ಬೇಕು. ಬಸ್ ಮೇಲೆ 1.5ಕೆಇ36ಎ ಟಿವಿಎಸ್ ಕೂಡ ಇರಲಿ. 30.8 ವೋಲ್ಟ್ ತನಕ ಸುಮ್ಮನಿದ್ದು, ಪೂರ್ತಿ ಕರೆಂಟಿನಲ್ಲಿ 49.9ಕ್ಕೆ ಹಿಡಿಯುತ್ತದೆ. ಟಿವಿಎಸ್ ಸ್ಪೈಕ್‌ಗೆ ಮಾತ್ರ, ಬ್ರೇಕಿನ ಶಕ್ತಿಗೆ ಅದನ್ನು ನಂಬಿದರೆ ಒಂದೇ ಸಲಕ್ಕೆ ಸೀಳುತ್ತದೆ.

ಬಿಟಿಎಸ್7960 ಎಂಬ ಸಿದ್ಧ ಮೋಟಾರ್ ಡ್ರೈವರ್ ಮಾಡ್ಯೂಲ್ ಬಳಸಿದವರಿಗೆ ಒಂದು ಸೂಚನೆ. 43 ಆಂಪ್ ಎಂಬುದು ಆ ಚಿಪ್ಪಿನ ಕರೆಂಟ್ ಲಿಮಿಟ್, ಸತತ ಓಡಿಸುವ ಅಂಕಿ ಅಲ್ಲ. ಅದರ ಮೇಲಿನ ಬೆರಳುದ್ದದ ಹೀಟ್‌ಸಿಂಕ್‌ನೊಂದಿಗೆ 15 ಆಂಪ್ ದಾಟಿಸದಿರುವುದೇ ಕ್ಷೇಮ. ಇನ್ನೊಂದು, ಅದರ ಕೆಲಸದ ವ್ಯಾಪ್ತಿ 27.5 ವೋಲ್ಟ್ ತನಕ. ಅದಕ್ಕಿಂತ ಮೇಲೆ ಓವರ್‌ವೋಲ್ಟೇಜ್ ಮಟ್ಟ ದಾಟಿದರೆ ಚಿಪ್ ತಾನೇ ಲೋ ಸೈಡ್ ಆಫ್ ಮಾಡಿ ಹೈ ಸೈಡ್ ಆನ್ ಮಾಡುತ್ತದೆ. ಚಾರ್ಜ್ ತುಂಬಿದ 24 ವೋಲ್ಟ್ ಬ್ಯಾಟರಿಯಲ್ಲಿ ಮೋಟಾರ್ ಕಾರಣವಿಲ್ಲದೆ ನಿಲ್ಲುವುದು, ಸ್ವಲ್ಪ ಓಡಿದ ಮೇಲೆ ಸರಿಹೋಗುವುದು ಇದರಿಂದಲೇ.

ಓಡುತ್ತಿರುವಾಗ ಪಟ್ ಎಂದು ಹೋದರೆ

ಲೋಡೂ ಸಾಧಾರಣ, ಬಿಸಿಯೂ ಇಲ್ಲ, ಆದರೂ ಹೋಯಿತು ಎಂದರೆ ಸ್ಪೈಕ್ ಅಥವಾ ಶೂಟ್-ಥ್ರೂ. 60 ಆಂಪನ್ನು 100 ನ್ಯಾನೋಸೆಕೆಂಡಿನಲ್ಲಿ ಕಡಿದರೆ, ಕೆಪ್ಯಾಸಿಟರ್‌ನಿಂದ ಮಾಸ್ಫೆಟ್‌ವರೆಗಿನ ದಾರಿಯಲ್ಲಿ 50 ನ್ಯಾನೋಹೆನ್ರಿ ಇದ್ದರೂ ಸಾಕು, 30 ವೋಲ್ಟ್ ಸ್ಪೈಕ್ ಏಳುತ್ತದೆ. 50 ನ್ಯಾನೋಹೆನ್ರಿ ಎಂದರೆ ಐದಾರು ಸೆಂಟಿಮೀಟರ್ ತಂತಿ ಅಷ್ಟೆ. 28 ವೋಲ್ಟ್ ಬಸ್ ಮೇಲೆ 30 ಕೂಡಿದರೆ 58, ಐಆರ್‌ಎಫ್3205 ಮಿತಿ 55. 24 ವೋಲ್ಟ್ ವ್ಯವಸ್ಥೆಗೆ 75 ಅಥವಾ 100 ವೋಲ್ಟ್‌ನ ಮಾಸ್ಫೆಟ್ ಬೇಕೆನ್ನುವುದು ಇದಕ್ಕೇ. ಐಆರ್‌ಎಫ್‌ಬಿ4110 ಆದರೆ 100 ವೋಲ್ಟ್, 4.5 ಮಿಲಿಓಮ್, ರೆಸಿಸ್ಟೆನ್ಸ್‌ನಲ್ಲೂ 3205ಕ್ಕಿಂತ ಮೇಲು.

2200 ಮೈಕ್ರೋಫ್ಯಾರಡ್, 63 ವೋಲ್ಟ್, 105 ಡಿಗ್ರಿ, ಲೋ ಇಎಸ್‌ಆರ್ (ಒಳ ರೆಸಿಸ್ಟೆನ್ಸ್ ಕಡಿಮೆ ಇರುವ) ಕೆಪ್ಯಾಸಿಟರ್ ಎರಡು, ಬ್ರಿಜ್‌ಗೆ ಅಂಟಿದಂತೆ. ಪ್ರತಿ ಬದಿಗೂ ಮೇಲಿನ ಡ್ರೈನ್‌ನಿಂದ ಕೆಳಗಿನ ಸೋರ್ಸ್‌ಗೆ ನೇರವಾಗಿ 1 ಮೈಕ್ರೋಫ್ಯಾರಡ್ ಫಿಲ್ಮ್ ಕೆಪ್ಯಾಸಿಟರ್. ಬ್ಯಾಟರಿಯ ಎರಡು ತಂತಿ ಒಂದಕ್ಕೊಂದು ಹೆಣೆದು ತನ್ನಿ, ಉದ್ದ ಬೇಕಿದ್ದರೆ ಮೋಟಾರ್ ತಂತಿ ಉದ್ದವಾಗಲಿ, ಬ್ಯಾಟರಿ ತಂತಿ ಬೇಡ. ದಪ್ಪ 10 ಚದರ ಮಿ.ಮೀ. ಎರಡು ಮೀಟರ್ ದೂರಕ್ಕೆ 2.5 ಚದರ ಮಿ.ಮೀ. ತಂತಿ ಎಳೆದರೆ 120 ಆಂಪ್ ಸ್ಟಾರ್ಟಿಂಗ್‌ನಲ್ಲಿ ತಂತಿಯಲ್ಲೇ 3.3 ವೋಲ್ಟ್ ಕಳೆಯುತ್ತದೆ, 10ರಲ್ಲಿ 0.8.

ಶೂಟ್-ಥ್ರೂ ನೋಡಲು ಆಸಿಲೋಸ್ಕೋಪ್ ಬೇಕು. ಒಂದೇ ಬದಿಯ ಎರಡು ಗೇಟ್ ಸಿಗ್ನಲ್ ನಡುವೆ 500 ನ್ಯಾನೋಸೆಕೆಂಡಿನಿಂದ 1 ಮೈಕ್ರೋಸೆಕೆಂಡ್ ತನಕ ಡೆಡ್ ಟೈಮ್ (ಎರಡೂ ಆಫ್ ಇರುವ ಅಂತರ) ಕಾಣಬೇಕು. ಪ್ರೋಬ್‌ನ ಗ್ರೌಂಡ್ ಕ್ಲಿಪ್ಪನ್ನು ಹೈ ಸೈಡ್ ಸೋರ್ಸ್‌ಗೆ ಸಿಕ್ಕಿಸಬೇಡಿ. ಲ್ಯಾಪ್‌ಟಾಪ್ ಯುಎಸ್‌ಬಿಯಿಂದ ಬೋರ್ಡ್‌ಗೆ, ಚಾರ್ಜರ್‌ನಿಂದ ಅರ್ತ್‌ಗೆ ಸುತ್ತು ದಾರಿ ಇದ್ದರೆ ಆ ಕ್ಲಿಪ್ಪೇ ಶಾರ್ಟ್ ಆಗುತ್ತದೆ. ಎರಡು ಚಾನೆಲ್ ಹಿಡಿದು ವ್ಯತ್ಯಾಸ ನೋಡಿ. ಗೇಟ್ ಆಫ್ ಇರಬೇಕಾದ ಹೊತ್ತಿನಲ್ಲಿ 3 ವೋಲ್ಟ್‌ನ ಉಬ್ಬು ಏಳುತ್ತಿದ್ದರೆ, ಎದುರಿನ ಮಾಸ್ಫೆಟ್ ಆನ್ ಆಗುವ ರಭಸಕ್ಕೆ ಡ್ರೈನ್‌ನಿಂದ ಗೇಟ್‌ಗೆ ಚಾರ್ಜ್ ನುಗ್ಗುತ್ತಿದೆ ಎಂದರ್ಥ. 10 ಓಮ್ ಗೇಟ್ ರೆಸಿಸ್ಟರ್‌ಗೆ ಅಡ್ಡಲಾಗಿ 1ಎನ್5819 ಡಯೋಡ್ ಹಾಕಿದರೆ ಆನ್ ನಿಧಾನ, ಆಫ್ ಚುರುಕು.

ಹೈ ಸೈಡ್ ಮಾತ್ರ ಮತ್ತೆ ಮತ್ತೆ ಹೋಗುತ್ತಿದ್ದರೆ ಬೂಟ್‌ಸ್ಟ್ರ್ಯಾಪ್ ಡಯೋಡ್ ನೋಡಿ. 1ಎನ್4007 ಇದ್ದರೆ ಕಿತ್ತು ಯುಎಫ್4007 ಹಾಕಿ, ಮೊದಲನೆಯದು 20 ಕಿಲೋಹರ್ಟ್ಸ್‌ಗೆ ತೀರಾ ಸೋಮಾರಿ. ಎರಡನೆಯದು ಡ್ಯೂಟಿ, ಅಂದರೆ ಪಿಡಬ್ಲ್ಯುಎಂನ ಪ್ರತಿ ಸುತ್ತಿನಲ್ಲಿ ಆನ್ ಇರುವ ಪಾಲು. ಲೋ ಸೈಡ್ ಆನ್ ಆದಾಗ ಮಾತ್ರ ಬೂಟ್‌ಸ್ಟ್ರ್ಯಾಪ್ ಕೆಪ್ಯಾಸಿಟರ್ ತುಂಬುತ್ತದೆ. 100 ಶೇಕಡಾ ಡ್ಯೂಟಿ ಕೊಟ್ಟರೆ 1 ಮೈಕ್ರೋಫ್ಯಾರಡ್‌ನಲ್ಲಿದ್ದದ್ದನ್ನು ಗೇಟ್‌ನ 10 ಕಿಲೋಓಮ್ ಪುಲ್‌ಡೌನ್ ಒಂದೇ ಮಿಲಿಸೆಕೆಂಡಿಗೆ ಒಂದು ವೋಲ್ಟ್‌ಗೂ ಹೆಚ್ಚು ಇಳಿಸುತ್ತದೆ. ಐಆರ್2110 ಸುಮಾರು 8.2 ವೋಲ್ಟ್‌ಗೆ ತಾನೇ ಆಫ್ ಮಾಡಿ ಕಾಪಾಡುತ್ತದೆ. ಹೈ ಸೈಡ್‌ಗೆ ಆ ಕಾವಲು ಇಲ್ಲದ ಡ್ರೈವರ್ ಆದರೆ ಮಾಸ್ಫೆಟ್ ಅರೆ ಆನ್ ಆಗಿ ಬೇಯುತ್ತದೆ. ಡ್ಯೂಟಿಯನ್ನು 95 ಶೇಕಡಾಕ್ಕೆ ಕಟ್ಟಿಹಾಕಿ. ಉಳಿದ 5 ಶೇಕಡಾ ವೇಗ ಯಾರಿಗೂ ಗೊತ್ತಾಗುವುದಿಲ್ಲ.

ಅರ್ಧ ಗಂಟೆ ಓಡಿ ಹೋದರೆ

ಇದು ಬಿಸಿ. ಏಪ್ರಿಲ್‌ನಲ್ಲಿ ಚಿತ್ರದುರ್ಗದ ಕಡೆ ತಗಡಿನ ಶೀಟಿನ ಕೆಳಗೆ ಮುಚ್ಚಿದ ಡಬ್ಬಿಯೊಳಗೆ 55 ಡಿಗ್ರಿ ಇದೆ ಎಂದೇ ಲೆಕ್ಕ ಹಿಡಿಯಿರಿ, ಡೇಟಾಶೀಟಿನ 25 ಡಿಗ್ರಿ ಅಲ್ಲ. 30 ಆಂಪ್‌ಗೆ ಐಆರ್‌ಎಫ್‌ಬಿ4110ರ 4.5 ಮಿಲಿಓಮ್ ಬಿಸಿಯಾದಾಗ 8ರ ಹತ್ತಿರ ಬರುತ್ತದೆ: 30 ಗುಣಿಸು 30 ಗುಣಿಸು 0.008, ಅಂದರೆ 7.2 ವಾಟ್. ಸ್ವಿಚಿಂಗ್ ನಷ್ಟ ಇನ್ನೊಂದೆರಡು ವಾಟ್. ಅದೇ ಜಾಗದಲ್ಲಿ 44 ಮಿಲಿಓಮ್‌ನ ಐಆರ್‌ಎಫ್540ಎನ್ ಇದ್ದರೆ ತಣ್ಣಗಿರುವಾಗಲೇ 40 ವಾಟ್! ಅಂಗಡಿಯಲ್ಲಿ ಸಿಕ್ಕಿತೆಂದು ಹಾಕುವ ಬದಲಿ ಸಾಮಾನ್ಯವಾಗಿ ಇದೇ.

ಬೋರ್ಡಿನ ತಾಮ್ರವನ್ನೂ ಮರೆಯಬೇಡಿ. 35 ಮೈಕ್ರಾನ್ ತಾಮ್ರದ 10 ಮಿ.ಮೀ. ಅಗಲದ ಪಟ್ಟಿ 12-13 ಆಂಪ್‌ಗೇ 10 ಡಿಗ್ರಿ ಏರುತ್ತದೆ. 30 ಆಂಪ್ ದಾರಿಯ ಮೇಲೆ 4 ಚದರ ಮಿ.ಮೀ. ತಾಮ್ರದ ತಂತಿ ಮಲಗಿಸಿ ಸೋಲ್ಡರ್ ಮಾಡಿ. ಬರೀ ಸೋಲ್ಡರ್ ದಪ್ಪ ಸುರಿದರೆ ತಾಮ್ರದಷ್ಟು ಲಾಭವಿಲ್ಲ. ಮಾಸ್ಫೆಟ್ ತಣ್ಣಗಿದ್ದು ಬೋರ್ಡ್ ಕಪ್ಪಾಗಿದ್ದರೆ ಸ್ಕ್ರೂ ಟರ್ಮಿನಲ್ ಅಥವಾ ಲಗ್‌ನ ಕ್ರಿಂಪ್ ಸಡಿಲ. ಲೋಡ್‌ನಲ್ಲಿ ಓಡಿಸುತ್ತ ಪ್ರತಿ ಜೋಡಣೆಯ ಅಡ್ಡ ಮಿಲಿವೋಲ್ಟ್ ಓದುತ್ತ ಹೋಗಿ. 30 ಆಂಪ್‌ನಲ್ಲಿ 30 ಮಿಲಿವೋಲ್ಟ್ ದಾಟಿದ್ದನ್ನು ಬಿಚ್ಚಿ ಮತ್ತೆ ಕಟ್ಟಿ.

ನಿಂತಲ್ಲೇ, ಯಾರೂ ಮುಟ್ಟದೆ ಹೋದರೆ

ಧೂಳು. ಮಂಡಕ್ಕಿ ಭಟ್ಟಿಯಲ್ಲಿ ಉಪ್ಪು ಹಾಕಿದ ಅಕ್ಕಿ, ಭತ್ತದ ಹೊಟ್ಟಿನ ಬೂದಿ, ಮಸಿ ಮೂರೂ ಸೇರಿ ಬೋರ್ಡ್ ಮೇಲೆ ಕೂರುತ್ತವೆ. ಮಳೆಗಾಲದ ತೇವ ಹೀರಿ ಗೇಟ್‌ಗೂ ಪ್ಲಸ್ ಬಸ್‌ಗೂ ನಡುವೆ ಸೋರುವ ದಾರಿಯಾಗುತ್ತದೆ. ಐಸೋಪ್ರೊಪೈಲ್ ಆಲ್ಕೋಹಾಲ್‌ನಿಂದ ತೊಳೆದು ಒಣಗಿಸಿ ಕನ್ಫಾರ್ಮಲ್ ಕೋಟಿಂಗ್ ಹೊಡೆಯಿರಿ, ಹೀಟ್‌ಸಿಂಕ್ ಡಬ್ಬಿಯ ಹೊರಗೆ, ಬೋರ್ಡ್ ಒಳಗೆ. ಫ್ಯಾನ್ ಹಾಕಿ ಧೂಳನ್ನು ಒಳಗೆ ಕರೆಯುವುದಕ್ಕಿಂತ ಇದು ಮೇಲು.

ಹೊಸ ಮಾಸ್ಫೆಟ್ ಕೂರಿಸುವ ಮುನ್ನ

ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತರಿಸಿದ್ದಾಗಲಿ, ಆನ್‌ಲೈನ್‌ನಲ್ಲಿ ಬಂದದ್ದಾಗಲಿ, ಒಂದನ್ನು ಪರೀಕ್ಷಿಸಿ. ಗೇಟ್‌ಗೆ 10 ವೋಲ್ಟ್ ಕೊಟ್ಟು, ಡ್ರೈನ್ ಮೂಲಕ 5 ಆಂಪ್ ಹರಿಸಿ, ಕಾಲುಗಳ ಬುಡದಲ್ಲೇ ವೋಲ್ಟೇಜ್ ಓದಿ. 4110 ಎಂದರೆ 22 ಮಿಲಿವೋಲ್ಟ್ ಮೀರಬಾರದು. 100ರ ಮೇಲೆ ತೋರಿಸಿದರೆ ಮೇಲಿನ ಹೆಸರು ಏನೇ ಇರಲಿ, ಒಳಗಿರುವುದು ಬೇರೆ ಚಿಪ್ಪು.

ಮೊದಲ ಚಾಲನೆ ಬ್ಯಾಟರಿಗೆ ನೇರ ಬೇಡ. ಬ್ಯಾಟರಿ ಪ್ಲಸ್‌ನಲ್ಲಿ ಸರಣಿಯಾಗಿ ಲಾರಿಯ 24 ವೋಲ್ಟ್, 75 ವಾಟ್ ಹೆಡ್‌ಲೈಟ್ ಬಲ್ಬ್ ಹಾಕಿ, ಮೋಟಾರ್ ಇಲ್ಲದೆ ಪಿಡಬ್ಲ್ಯುಎಂ ಕೊಡಿ. ಕೆಪ್ಯಾಸಿಟರ್ ತುಂಬುವಾಗ ಒಮ್ಮೆ ಮಿಂಚಿ ಆರಬೇಕು. ಬೆಳಗುತ್ತಲೇ ಇದ್ದರೆ ಶೂಟ್-ಥ್ರೂ, ಆದರೆ 3 ಆಂಪ್‌ನಲ್ಲಿ ಏನೂ ಸುಡುವುದಿಲ್ಲ. ಸರಿಯಿದ್ದರೆ ಮೋಟಾರ್ ಜಾಗದಲ್ಲಿ ಇನ್ನೊಂದು ಬಲ್ಬ್, ಎರಡೂ ದಿಕ್ಕು ನೋಡಿ. ಆಮೇಲೆ 10 ಆಂಪ್ ಫ್ಯೂಸ್‌ನೊಂದಿಗೆ ಖಾಲಿ ಮೋಟಾರ್. ಕೊನೆಗೆ ಪೂರ್ತಿ ಫ್ಯೂಸ್ ಹಾಕಿ, ಶಾಫ್ಟ್ ಬಿಗಿದು, ಕಡಿಮೆ ಡ್ಯೂಟಿಯಿಂದ ಏರಿಸುತ್ತ 40 ಆಂಪ್ ಮಿತಿ ಹಿಡಿಯುತ್ತದೆಯೇ, ಎರಡು ಸೆಕೆಂಡಿಗೆ ನಿಲ್ಲುತ್ತದೆಯೇ ನೋಡಿ. ಕಂಪ್ಯಾರೇಟರನ್ನು ಬೇರೆಯಾಗಿ, ಶಂಟ್ ಬದಲು 80 ಮಿಲಿವೋಲ್ಟ್ ಕೊಟ್ಟು ಪರೀಕ್ಷಿಸಿ.

ಮೋಟಾರಿನ ಇನ್ಸುಲೇಶನ್ ನೋಡಲು ಮೆಗ್ಗರ್ ತೆಗೆದರೆ ಮೊದಲು ಡ್ರೈವರ್ ತಂತಿ ಎರಡನ್ನೂ ಕಳಚಿ. 500 ವೋಲ್ಟ್ ಮೆಗ್ಗರನ್ನು ಒಂದು ಸುತ್ತು ತಿರುಗಿಸಿದರೂ, ಇಷ್ಟು ಹೊತ್ತು ಸರಿಪಡಿಸಿದ ನಾಲ್ಕೂ ಮಾಸ್ಫೆಟ್ ಹೋಗುತ್ತವೆ. ವೈಂಡಿಂಗ್‌ನಿಂದ ಮೋಟಾರ್ ಕವಚಕ್ಕೆ 1 ಮೆಗಾಓಮ್‌ಗಿಂತ ಕಡಿಮೆ ಬಂದರೆ ಬ್ರಷ್ ಹೋಲ್ಡರ್ ಬಿಚ್ಚಿ ಕಾರ್ಬನ್ ಪುಡಿ ಊದಿ ಮತ್ತೆ ಅಳೆಯಿರಿ. ಯಂತ್ರ ವಾಪಸ್ ಹೋಗಿ ಒಂದು ವಾರ ಓಡಿದ ಮೇಲೆ ಬ್ಯಾಟರಿ ಮತ್ತು ಮೋಟಾರ್ ಲಗ್‌ಗಳ ನಟ್‌ಗಳನ್ನು ಇನ್ನೊಮ್ಮೆ ಬಿಗಿಯಿರಿ, ಕಾದು ಆರಿದ ತಾಮ್ರ ಅಷ್ಟರಲ್ಲಿ ಕಾಲು ಸುತ್ತು ಸಡಿಲಾಗಿರುತ್ತದೆ.